ಪರ್ಸಿನೊಳಗಿನ ಕೀಲಿಕೈ

ಕಾನೂನು ಓದುತ್ತಿರುವ ಗೆಳೆಯರೇ,

ಜನ ಮೂಲತಃ ಪ್ರಾಮಾಣಿಕರೇ? ಕಟ್ಟೆಯ ಮೇಲೆ ಕೂತು ಇಡೀ ಸಂಜೆ ವಾದಿಸಬಹುದಾದ ಪ್ರಶ್ನೆ ಇದು. ಕೆಲವು ಸಂಶೋಧಕರು ಪರೀಕ್ಷೆ ಮಾಡಿಯೇ ನೋಡಿದರು. ಭಾರತವೂ ಸೇರಿ 40 ದೇಶಗಳ 355 ನಗರಗಳಲ್ಲಿ ಬ್ಯಾಂಕು, ಹೋಟೆಲು, ಅಂಚೆ ಕಚೇರಿ, ಪೊಲೀಸ್ ಠಾಣೆಗಳಿಗೆ ಹೋಗಿ, ಬೀದಿಯಲ್ಲಿ ಸಿಕ್ಕಿತೆಂದು ಹೇಳಿ 17,000ಕ್ಕೂ ಹೆಚ್ಚು ಪರ್ಸುಗಳನ್ನು ಕೊಟ್ಟುಬಂದರು. ಒಳಗೆ ವಿಸಿಟಿಂಗ್ ಕಾರ್ಡು, ದಿನಸಿ ಚೀಟಿ, ಒಂದು ಕೀಲಿಕೈ. ಕೆಲವದರಲ್ಲಿ ದುಡ್ಡು.

2019ರಲ್ಲಿ ಫಲಿತಾಂಶ ಪ್ರಕಟವಾಯಿತು. ದುಡ್ಡಿಲ್ಲದ ಪರ್ಸುಗಳಲ್ಲಿ ಸರಾಸರಿ ಶೇ 40ರಷ್ಟಕ್ಕೆ ಮಾಲೀಕರಿಗೆ ಸುದ್ದಿ ಹೋಯಿತು. ದುಡ್ಡಿದ್ದವುಗಳಲ್ಲಿ ಶೇ 51ರಷ್ಟಕ್ಕೆ. ದುಡ್ಡಿದ್ದರೆ ಪರ್ಸು ಮರಳುವುದಿಲ್ಲ ಎಂಬ ನಮ್ಮೆಲ್ಲರ ಲೆಕ್ಕ ತಲೆಕೆಳಗಾಯಿತು. ಅರ್ಧದಷ್ಟು ಮರಳಲಿಲ್ಲ ಎಂಬುದೂ ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಕೀಲಿಕೈ. ಅಮೆರಿಕ, ಬ್ರಿಟನ್, ಪೋಲೆಂಡ್‌ಗಳಲ್ಲಿ ಕೀಲಿಕೈ ಇಲ್ಲದ ಪರ್ಸುಗಳನ್ನೂ ಕೊಟ್ಟು ನೋಡಿದಾಗ, ಮರಳುವಿಕೆ ಕಡಿಮೆಯಾಯಿತು. ಸಿಕ್ಕವರಿಗೆ ಆ ಕೀಲಿಕೈಯಿಂದ ಕಾಸಿನ ಉಪಯೋಗವಿಲ್ಲ. ಕಳೆದುಕೊಂಡವರು ಮನೆ ಬಾಗಿಲಲ್ಲೇ ನಿಂತಿರಬಹುದು ಎಂದು ಯಾರೋ ನೆನೆದರು. ಪ್ರಾಮಾಣಿಕತೆಯ ಬೆನ್ನಿಗೆ ಕರುಣೆ ನಿಂತಿರುವುದು ಇಲ್ಲಿ ನನಗೆ ಕಾಣುತ್ತದೆ.

ನಮ್ಮ ಜಾಮೀನು ವ್ಯವಸ್ಥೆ ಮಾತ್ರ ಇಂದಿಗೂ, ಮನುಷ್ಯನನ್ನು ನಡೆಸುವುದು ದುಡ್ಡೊಂದೇ ಎಂಬ ಅಂಥದೇ ಹಳೆಯ ಲೆಕ್ಕವನ್ನು ನಂಬಿದೆ: ಹಣ ಕಟ್ಟದವನು ಓಡಿಹೋಗುತ್ತಾನೆ. 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೋತಿರಾಮ್ ಪ್ರಕರಣ ನೆನಪಿಸಿಕೊಳ್ಳಿ. ಆತ ಮಧ್ಯಪ್ರದೇಶದ ಬಡ ಗಾರೆ ಕೆಲಸಗಾರ. ಕೆಳಗಿನ ಕೋರ್ಟು 10,000 ರೂಪಾಯಿಯ ಶ್ಯೂರಿಟಿ, ಅಂದರೆ ಆತನಿಗಾಗಿ ಇನ್ನೊಬ್ಬರ ಹೊಣೆ, ಕೇಳಿತು. ತಮ್ಮನೋ ಅಣ್ಣನೋ ಒಡಹುಟ್ಟಿದವನೇ ಮುಂದೆ ಬಂದರೂ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ಆತನೇ ಬರೆದುಕೊಡುವ ಮಾತಿನ ಮೇಲೆ, ಬಿಡಲು ಹೇಳಿದರು. ಮರುವರ್ಷ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಸ್ಥಿತಿ ಬೆಳಕಿಗೆ ಬಂತು. ತಮ್ಮ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲವನ್ನು ಕೆಲವರು ವಿಚಾರಣೆಯೇ ಇಲ್ಲದೆ ಒಳಗೆ ಕಳೆದಿದ್ದರು.

ಇಷ್ಟೆಲ್ಲ ಆದಮೇಲೂ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು, ಅಂದರೆ ಪ್ರಕರಣ ಇನ್ನೂ ತೀರ್ಮಾನವಾಗದವರು. ಜಾಮೀನು ಸಿಕ್ಕರೂ ಶ್ಯೂರಿಟಿಗೆ ಪಹಣಿ ತರುವವರಿಲ್ಲದೆ ಒಳಗೇ ಉಳಿಯುವವರಿದ್ದಾರೆ. ಭೂಮಿಯೇ ಇಲ್ಲದವನ ನೆಂಟರಿಗೆ ಪಹಣಿ ಎಲ್ಲಿಂದ ಬರಬೇಕು? ಇದು ಅನ್ಯಾಯ, ಇದನ್ನು ಮೆತ್ತಗೆ ಹೇಳಲು ನನಗಾಗದು.

ನಾಳೆ ನೀವು ಜಾಮೀನು ಅರ್ಜಿ ಬರೆಯುವಾಗ, ಕಕ್ಷಿದಾರ ಆ ಊರಲ್ಲಿ ಎಷ್ಟು ವರ್ಷದಿಂದ ಇದ್ದಾನೆ, ಯಾರ ಬಳಿ ದುಡಿಯುತ್ತಾನೆ, ಮನೆಯಲ್ಲಿ ಯಾರಿದ್ದಾರೆ ಎಂಬುದನ್ನೆಲ್ಲ ವಿವರವಾಗಿ ಬರೆಯಿರಿ. ಕೋರ್ಟು ಇವನ್ನೇ ನೋಡಬೇಕೆಂದು ಹುಸೈನಾರಾ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ ಹೇಳಿದ್ದಾರೆ. ಅದನ್ನು ಆಧಾರವಾಗಿ ಕೊಟ್ಟು, ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆ ಕೇಳಿ.