ಕೆಳಗಿನ ಸೆಟ್ಟು ಬಾಯಲ್ಲಿ ನಿಲ್ಲಬೇಕು

(ಹಿರಿಯ ನಾಗರಿಕರ ದಿನದಂದು ಮಂಡ್ಯದಲ್ಲಿ ನೀಡಿದ ಉಪನ್ಯಾಸ)

ಹಿರಿಯರೇ, ವೃತ್ತಿಬಾಂಧವರೇ,

ಅಕ್ಟೋಬರ್ 1ರ ಈ ಸಭೆಗೆ ಹಲ್ಲಿನ ಆರೋಗ್ಯದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ಹಲ್ಲು ಉಳಿಸಿಕೊಳ್ಳುವ ಬಗೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಎಲ್ಲ ಹಲ್ಲೂ ಹೋದವರ ಪರವಾಗಿ ಮಾತನಾಡುತ್ತೇನೆ ಎಂದೆ. ಕಟ್ಟಿಸಿದ ಹಲ್ಲುಗಳ ಪೂರ್ತಿ ಸೆಟ್ಟು ಹಾಕಿಸಿಕೊಂಡವರೂ ಅದನ್ನು ಕಟ್ಟುವ ಯುವ ದಂತವೈದ್ಯರೂ ಇಲ್ಲಿ ಒಟ್ಟಿಗೆ ಕುಳಿತಿದ್ದೀರಿ. ಸೆಟ್ಟು ಹಾಕಿಕೊಂಡವರು ‘ಚೆನ್ನಾಗಿದೆ’ ಎಂದ ಮಾತ್ರಕ್ಕೆ ಅವರು ಅಗಿದು ಉಣ್ಣುತ್ತಿದ್ದಾರೆಂದು ತಿಳಿಯಬಾರದು ಎಂಬ ಒಂದು ಮಾತನ್ನು ನಿಮ್ಮಿಬ್ಬರಿಗೂ ಹೇಳಬೇಕಾಗಿದೆ.

ಪಾಂಡವಪುರದ ಕಡೆಯ ಒಬ್ಬ ಅಜ್ಜಿಯ ವಿಷಯವನ್ನು ನನ್ನ ವಿದ್ಯಾರ್ಥಿಗಳು ಹಲವು ಸಲ ಕೇಳಿದ್ದಾರೆ, ಇನ್ನೊಮ್ಮೆ ಕೇಳಬೇಕು. ಮೊಮ್ಮಗಳ ಮದುವೆಗೆ ಮೊದಲು ತಾಯಿಗೆ ಹಲ್ಲು ಆಗಲೇಬೇಕೆಂದು ಮಗ ಕರೆತಂದಿದ್ದರು. ಅಳತೆ ತೆಗೆದು, ದವಡೆಗಳ ಕೂಡಿಕೆಯನ್ನು ಗುರುತಿಸಿ, ಮೇಣದಲ್ಲಿ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡಿ, ಮದುವೆಯ ಹೊತ್ತಿಗೆ ಸೆಟ್ಟು ಕೊಟ್ಟೆವು. ಕೆಲವು ತಿಂಗಳ ಮೇಲೆ ಅಜ್ಜಿ ನಗುನಗುತ್ತಾ ಬಂದರು. ಹೇಗಿದೆ ಎಂದು ಕೇಳಿದರೆ, ‘ಬಲು ಚೆಂದಾಗೈತೆ ಕಣಪ್ಪ, ಮದ್ವೇಲಿ ಎಲ್ರೂ ನನ್ನೇ ನೋಡೋರೆ’ ಎಂದರು. ಜೊತೆಗಿದ್ದ ವಿದ್ಯಾರ್ಥಿ ಕೇಸ್ ಶೀಟಿನಲ್ಲಿ ‘ತೃಪ್ತಿಕರ’ ಎಂದು ಬರೆದಾಗಿತ್ತು. ಬಾಯಿ ತೆರೆಸಿ ನೋಡಿದರೆ ಮೇಲಿನ ಸೆಟ್ಟು ಮಾತ್ರ ಇತ್ತು. ಕೆಳಗಿನದು ಎಲ್ಲಿ ಎಂದು ಕೇಳಿದ್ದಕ್ಕೆ ಅಜ್ಜಿ ಸೊಂಟದಿಂದ ಎಲೆಅಡಿಕೆ ಸಂಚಿ ತೆಗೆದು, ಮೊದಲು ಕುಟ್ಟಾಣಿ, ಆಮೇಲೆ ಸುಣ್ಣದ ಡಬ್ಬಿ, ಕೊನೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕೆಳಗಿನ ಸೆಟ್ಟನ್ನು ಮೇಜಿನ ಮೇಲೆ ಇಟ್ಟರು. ‘ಉಣ್ಣುವಾಗ ಎದ್ದೆದ್ದು ಬತ್ತದೆ. ಮುದ್ದೆ ನುಂಗಾಕೆ ಹಲ್ಲು ಯಾಕಪ್ಪ?’ ಎಂದರು.

ನೀವು ನಗುತ್ತಿದ್ದೀರಿ, ಅಂದು ನಾವೂ ಅಜ್ಜಿಯ ಜೊತೆ ಮನಸಾರೆ ನಕ್ಕೆವು. ಅವರ ಸಂತೋಷ ನಿಜವಾದದ್ದು. ಕೆನ್ನೆ ತುಂಬಿತ್ತು, ಮಾತು ಸ್ಪಷ್ಟವಾಗಿತ್ತು, ನಾಲ್ಕು ಜನರ ನಡುವೆ ಸೆರಗು ಅಡ್ಡ ಹಿಡಿಯದೆ ನಗುವಂತಾಗಿತ್ತು. ಆದರೆ ಅಗಿಯುವ ಕೆಲಸ ಇನ್ನೂ ಕುಟ್ಟಾಣಿಯದೇ ಆಗಿತ್ತು. ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ನುಂಗುವ ನಮ್ಮ ಸೀಮೆಯಲ್ಲಿ ‘ಊಟ ಸೇರುತ್ತದೆಯೇ’ ಎಂಬ ಪ್ರಶ್ನೆಗೆ ಎಲ್ಲರೂ ಸೇರುತ್ತದೆ ಎಂದೇ ಉತ್ತರಿಸುತ್ತಾರೆ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿರುವ ಕೊಬ್ಬರಿ ಚೂರನ್ನೂ ಕಡಲೆಕಾಯಿ ಬೀಜವನ್ನೂ ಅಗಿಯುತ್ತೀರಾ ಎಂದು ಕೇಳಬೇಕು. ಹುರುಳಿಕಾಳು, ಸೌತೆಕಾಯಿ, ನಾಟಿಕೋಳಿಯ ತುಂಡು ಏನಾಗುತ್ತವೆ ಎಂದು ಕೇಳಬೇಕು. ಪ್ರಯೋಗಾಲಯದಲ್ಲೂ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕಡಲೆಕಾಯಿ ಬೀಜವನ್ನು ಇಂತಿಷ್ಟು ಸಲ ಅಗಿಸಿ, ಉಗುಳಿಸಿ, ಜರಡಿ ಹಿಡಿದು, ಎಷ್ಟು ನುಣ್ಣಗಾಗಿದೆ ಎಂದು ತೂಗುತ್ತಾರೆ; ಇಲ್ಲವೇ ಎರಡು ಬಣ್ಣದ ಚೂಯಿಂಗ್ ಗಮ್ ಅಗಿಸಿ ಬಣ್ಣಗಳು ಎಷ್ಟು ಬೆರೆತಿವೆ ಎಂದು ನೋಡುತ್ತಾರೆ.

ಅಳೆದಾಗ ಸಿಗುವ ಸತ್ಯ ಕಠಿಣವಾದದ್ದು. ಪೂರ್ತಿ ಸೆಟ್ಟು ಹಾಕಿದವರ ಕಡಿತದ ಬಲವು ಸ್ವಂತ ಹಲ್ಲಿರುವವರ ಬಲದ ನಾಲ್ಕು ಅಥವಾ ಐದರಲ್ಲಿ ಒಂದು ಪಾಲು ಮಾತ್ರ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಸ್ವಂತ ಹಲ್ಲಿನವರು ಥಟ್ಟನೆ ನಿಲ್ಲಿಸುತ್ತಾರೆ, ಏಕೆಂದರೆ ಬೇರಿನ ಸುತ್ತಲಿನ ನಾರುಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹಲ್ಲಿನೊಂದಿಗೆ ಆ ನಾರುಗಳೂ ಹೋಗಿರುತ್ತವೆ. ಇನ್ನು ಕೆಳಗಿನ ಸೆಟ್ಟಿನ ಪಾಡಂತೂ ಬೇರೆಯೇ. ಮೇಲಿನ ಸೆಟ್ಟಿಗೆ ಅಂಗುಳವೂ ಸೇರಿ ಸುಮಾರು 23 ಚದರ ಸೆಂಟಿಮೀಟರ್ ಆಸರೆ ಸಿಕ್ಕರೆ, ಕೆಳಗಿನದಕ್ಕೆ ಸಿಗುವುದು ಸುಮಾರು 12 ಮಾತ್ರ. ಅದರ ಮೇಲೆ ನಾಲಿಗೆಯ ಓಡಾಟ, ಕೆನ್ನೆಯ ಎಳೆತ. ಸೆಟ್ಟನ್ನು ವಸಡಿಗೆ ಹಿಡಿದಿಡುವುದು ತೆಳುವಾದ ಜೊಲ್ಲಿನ ಪದರ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೋ ಬಾಯಿ ಒಣಗಿದವರಿಗೆ ಆ ಹಿಡಿತವೂ ಸಡಿಲವಾಗುತ್ತದೆ. ಟಾಲ್‌ಗ್ರೆನ್ ಎಂಬ ಸಂಶೋಧಕಿ 25 ವರ್ಷಗಳ ಅವಧಿಯ ಅಧ್ಯಯನವನ್ನು 1972ರಲ್ಲಿ ಪ್ರಕಟಿಸಿ, ಸೆಟ್ಟು ಹಾಕಿದವರಲ್ಲಿ ಹಲ್ಲು ಹೋದ ಮೇಲೆ ಉಳಿಯುವ ಕೆಳದವಡೆಯ ಮೂಳೆಯ ದಿಣ್ಣೆಯು ಮೇಲ್ದವಡೆಯದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆಯುತ್ತದೆ ಎಂದು ತೋರಿಸಿದರು. ಆದ್ದರಿಂದಲೇ ಮತ್ತೆ ಮತ್ತೆ ಹೇಳುತ್ತೇನೆ, ಮೊದಲು ಕೆಳಗಿನ ಸೆಟ್ಟನ್ನು ನೋಡಿ.

ಸಮಾಧಾನವನ್ನು ಅಳೆಯಲು ಹಲ್ಲಿಲ್ಲದವರಿಗಾಗಿಯೇ ರೂಪಿಸಿದ 19 ಪ್ರಶ್ನೆಗಳ ಪಟ್ಟಿಯೊಂದಿದೆ. ಅಗಿಯಲು ಕಷ್ಟವೇ ಎಂಬುದರ ಜೊತೆಗೆ ನೋವು, ಮುಜುಗರ, ಜನರೊಂದಿಗೆ ಬೆರೆಯುವುದು ಎಲ್ಲವನ್ನೂ ಅದು ಕೇಳುತ್ತದೆ. ಜರಡಿಯ ಲೆಕ್ಕವೂ ರೋಗಿಯ ಮಾತೂ ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ ಎಂಬುದು ಅಧ್ಯಯನಗಳಲ್ಲಿ ಪದೇ ಪದೇ ಕಂಡುಬಂದಿದೆ. ಚೆನ್ನಾಗಿ ಅಗಿಯುವವರು ಅತೃಪ್ತರಾಗಿರುವುದುಂಟು, ಅಜ್ಜಿಯಂತೆ ಅಗಿಯದವರು ತೃಪ್ತರಾಗಿರುವುದೂ ಉಂಟು. ಹಾಗೆಂದು ರೋಗಿಯ ಮಾತನ್ನು ಬದಿಗೆ ಸರಿಸಬೇಕೆಂದು ನಾನು ಹೇಳುತ್ತಿಲ್ಲ. ವೈದ್ಯರು ಸಮಯ ಕೊಟ್ಟು ಕೇಳಿದರು ಎಂಬ ಭಾವನೆಗೂ ಸಮಾಧಾನಕ್ಕೂ ಆಳವಾದ ನಂಟಿದೆ. ಆದರೆ ಒಳ್ಳೆಯ ಮಾತಿನಿಂದ ಕೊಬ್ಬರಿ ನುಣ್ಣಗಾಗುವುದಿಲ್ಲ. ಎರಡನ್ನೂ ಕೇಳಿ, ಎರಡನ್ನೂ ಬರೆದಿಡಬೇಕು.

ಸರ್ಕಾರದ ದಂತಭಾಗ್ಯ ಯೋಜನೆಯಿಂದ ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಸೆಟ್ಟು ಸಿಗುವಂತಾದದ್ದು ದೊಡ್ಡ ಕೆಲಸ. ಅದನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ಸೆಟ್ಟು ಕೈಗಿತ್ತ ದಿನಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ನಾಲಿಗೆ, ಕೆನ್ನೆ, ದವಡೆಯ ಸ್ನಾಯುಗಳು ಹೊಸದಕ್ಕೆ ಒಗ್ಗಲು ಆರರಿಂದ ಎಂಟು ವಾರ ಬೇಕು, ಮತ್ತು ಆ ವಾರಗಳಲ್ಲೇ ವಸಡಿನಲ್ಲಿ ಹುಣ್ಣಾಗಿ ಜನ ಸೆಟ್ಟನ್ನು ತೆಗೆದಿಡುತ್ತಾರೆ. ಒತ್ತುವ ಜಾಗವನ್ನು ಕೊಂಚ ಉಜ್ಜಿ ಕೊಟ್ಟರೆ ಸಾಕಾಗುವ ತೊಂದರೆಗೆ ಬಸ್ ಚಾರ್ಜು, ಒಂದು ದಿನದ ಕೂಲಿ, ಕರೆತರುವ ಮಗ ಎಲ್ಲವೂ ಬೇಕಾಗುತ್ತವೆ. ಮರುಭೇಟಿಯನ್ನು ಹಳ್ಳಿಗೇ ಒಯ್ಯಬೇಕು; ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದು ಕುಳಿತರೆ ಸಂಚಿಯೊಳಗಿನ ಎಷ್ಟೋ ಸೆಟ್ಟುಗಳು ಬಾಯಿಗೆ ಮರಳುತ್ತವೆ.

ಸಮಯವಾಯಿತೆಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಇಂಪ್ಲಾಂಟ್, ಅಂದರೆ ದವಡೆಯ ಮೂಳೆಯೊಳಗೆ ಬೇರಿನಂತೆ ಕೂರಿಸುವ ಲೋಹದ ತಿರುಪಿನ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಕೆಳದವಡೆಗೆ ಎರಡು ಇಂಪ್ಲಾಂಟ್ ಇಟ್ಟು ಅದರ ಮೇಲೆ ಸೆಟ್ಟು ಕೂರಿಸುವುದೇ ಮೊದಲ ಆಯ್ಕೆಯಾಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು 2002ರಲ್ಲೇ ಹೇಳಿದ್ದಾರೆ. ನಮ್ಮ ರೈತ ಕುಟುಂಬಗಳಿಗೆ ಅದು ಇನ್ನೂ ಕೈಗೆಟುಕದ ಬೆಲೆಯಲ್ಲಿದೆ. ಊಟದ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ: ಹೊಸ ಸೆಟ್ಟು ಬಂದ ಮಾತ್ರಕ್ಕೆ ಮೆತ್ತಗಿನ ಊಟದ ಅಭ್ಯಾಸ ತಾನಾಗಿ ಬಿಡುವುದಿಲ್ಲ, ಸೊಪ್ಪು, ಕಾಳು, ಹಣ್ಣನ್ನು ಸಣ್ಣ ತುಂಡು ಮಾಡಿ, ಎರಡೂ ಬದಿಯಲ್ಲಿ ಒಟ್ಟಿಗೆ ಅಗಿಯುವುದನ್ನು ಹೇಳಿಕೊಡಬೇಕು. ರಾತ್ರಿ ಸೆಟ್ಟನ್ನು ತೆಗೆದು ತೊಳೆದು ತಣ್ಣೀರಿನಲ್ಲಿಡಿ. ಕುದಿಯುವ ನೀರು ಹಾಕಿದರೆ ಆಕಾರ ಕೆಡುತ್ತದೆ. ಉಳಿದ ಪ್ರಶ್ನೆಗಳನ್ನು ಊಟದ ಮನೆಯಲ್ಲಿ ಕೇಳಿ. ಇವತ್ತು ಕೋಸಂಬರಿ ಬಡಿಸುತ್ತಾರಂತೆ, ಯಾರು ಯಾರು ಅಗಿಯುತ್ತೀರೆಂದು ಪಕ್ಕದಲ್ಲೇ ಕುಳಿತು ನೋಡುತ್ತೇನೆ.