ಕ್ಯಾನ್ಸರ್ ಬಂದವರು ನಗುತ್ತಲೇ ಇರಬೇಕಾ?

ಕ್ಯಾನ್ಸರ್ ಅಂತ ಗೊತ್ತಾದ ವಾರದಲ್ಲೇ ಮನೆಗೆ ನೆಂಟರು ಬರಲು ಶುರುಮಾಡುತ್ತಾರೆ. ಕೈಯಲ್ಲಿ ಆ್ಯಪಲ್, ಎಳನೀರು. ಬಾಯಲ್ಲಿ ಎಲ್ಲರದ್ದೂ ಒಂದೇ ಮಾತು. "ಧೈರ್ಯವಾಗಿರಿ, ಪಾಸಿಟಿವ್ ಆಗಿರಿ, ಅರ್ಧ ಕಾಯಿಲೆ ಮನಸ್ಸಲ್ಲೇ ಇರೋದು." ಹೇಳುವವರು ಕೆಟ್ಟವರೇನಲ್ಲ. ಏನು ಹೇಳಬೇಕೋ ತೋಚದೆ ಹೇಳುತ್ತಾರೆ. ಆದರೂ ಈ ಮಾತಿನ ಮೇಲೆ ನನಗೊಂದು ದೊಡ್ಡ ತಕರಾರಿದೆ. ಇವತ್ತು ಅದನ್ನೇ ಹೇಳಿಬಿಡುತ್ತೇನೆ.

ಅರ್ಧ ಕಾಯಿಲೆ ಮನಸ್ಸಲ್ಲಿದ್ದರೆ, ಗುಣವಾಗದಿದ್ದಾಗ ತಪ್ಪು ಯಾರದ್ದು? ಕಾಯಿಲೆ ಬಿದ್ದವರದ್ದೇ ಅಲ್ವಾ? ಹಿಂದೆಲ್ಲ "ಯಾವ ಜನ್ಮದ ಪಾಪವೋ" ಎನ್ನುತ್ತಿದ್ದರು. ಈಗ ಹಾಗೆನ್ನಲು ಓದಿದವರಿಗೆ ನಾಚಿಕೆ. ಅದಕ್ಕೇ "ಅವರು ಟೆನ್ಷನ್ ಜಾಸ್ತಿ ಮಾಡ್ಕೊಂಡ್ರು ಪಾಪ, ಹಾಗಾಗಿ ಉಲ್ಬಣ ಆಯ್ತು" ಎನ್ನುತ್ತಾರೆ. ಕರ್ಮ ಹೋಯಿತು, ನೆಗೆಟಿವ್ ಥಿಂಕಿಂಗ್ ಬಂತು. ದೂರು ಮಾತ್ರ ಈಗಲೂ ಅದೇ ವಿಳಾಸಕ್ಕೆ ಹೋಗುತ್ತಿದೆ. ಇನ್ನು ಬಾಯಿ ಕ್ಯಾನ್ಸರ್ ಆಗಿದ್ದರಂತೂ ಕೇಳಲೇಬೇಡಿ. ಗುಟ್ಕಾ ಹಾಕುತ್ತಿದ್ದ, ಅನುಭವಿಸಲಿ ಎಂಬ ತೀರ್ಪು ಹೇಳಲು ಬೀದಿಯವರೆಲ್ಲ ಜಡ್ಜುಗಳೇ.

ಒಂದು ಅಧ್ಯಯನದ ಬಗ್ಗೆ ಹೇಳುತ್ತೇನೆ ಕೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೊಯ್ನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ್ದು. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರ್ ಇದ್ದ 1093 ಜನರ ಮನಸ್ಥಿತಿ ಹೇಗಿದೆ ಎಂದು ಪ್ರಶ್ನೆ ಕೇಳಿ ಅಳೆದಿದ್ದರು. ನಂತರದ ವರ್ಷಗಳಲ್ಲಿ ಅವರಲ್ಲಿ 646 ಜನ ತೀರಿಕೊಂಡರು. ಮನಸ್ಸು ಗಟ್ಟಿಯಿದ್ದವರು ಜಾಸ್ತಿ ದಿನ ಬದುಕಿದರಾ? ಇಲ್ಲ. ಕುಗ್ಗಿಹೋದವರು ಬೇಗ ಹೋದರಾ? ಅದೂ ಇಲ್ಲ. ಸಾವು ಬದುಕಿನ ಲೆಕ್ಕದಲ್ಲಿ ಅದರಿಂದ ವ್ಯತ್ಯಾಸ ಕಾಣಲಿಲ್ಲ.

ಇದು ಬೇಸರದ ಸುದ್ದಿ ಎಂದು ಕೆಲವರಿಗೆ ಅನಿಸಬಹುದು. ನನಗೆ ಇದು ದೊಡ್ಡ ಬಿಡುಗಡೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಅತ್ತವರು, ಅತ್ತಿದ್ದಕ್ಕೇ ಗೆಡ್ಡೆ ಬೆಳೆಯಿತೇನೋ ಎಂದು ಇನ್ನೊಂದು ಸಲ ಹೆದರಬೇಕಾಗಿಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಿಂದ ಕ್ಯಾನ್ಸರ್ ರೋಗಿಗಳ ಮನಸ್ಸಿಗೆಂದೇ ವಿಭಾಗ ಕಟ್ಟಿದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಪಾಸಿಟಿವ್ ಆಗಿರಲೇಬೇಕು ಎಂಬ ಈ ಒತ್ತಾಯವನ್ನು ಪಾಸಿಟಿವ್ ಥಿಂಕಿಂಗ್‌ನ ದಬ್ಬಾಳಿಕೆ ಎಂದೇ ಕರೆದರು. ಆಕೆ ಜೀವಮಾನವಿಡೀ ಈ ರೋಗಿಗಳ ಮಾತು ಕೇಳಿದವರು, ಸುಮ್ನೆ ಹೇಳಿದ್ದಲ್ಲ.

ಹಾಗಾದರೆ ಮನಸ್ಸು ಲೆಕ್ಕಕ್ಕೇ ಇಲ್ವಾ? ಇದೆ. ಖಂಡಿತ ಇದೆ. ಕೀಮೋ ಮುಗಿಸಿ ಮನೆಗೆ ಬಂದವರನ್ನು ನೋಡಿ. ಬಾಯಿ ತುಂಬ ಹುಣ್ಣು. ಕುಡಿದ ನೀರೂ ಕಬ್ಬಿಣ ನೆಕ್ಕಿದ ಹಾಗೆ. ಉಗುರು ಕಪ್ಪಾಗಿರುತ್ತದೆ. ಡಾಕ್ಸೋರುಬಿಸಿನ್ ಎಂಬ ಕೆಂಪು ಔಷಧಿ ಏರಿಸಿದ್ದರೆ ಮೂತ್ರವೂ ಕೆಂಪು. ಮೊದಲೇ ಯಾರೂ ಹೇಳಿರದಿದ್ದರೆ ರಕ್ತ ಅಂದುಕೊಂಡು ಎದೆ ಒಡೆದುಕೊಳ್ಳುತ್ತಾರೆ. ವಾಂತಿ ತಡೆಯಲು ಕೊಡುವ ಮಾತ್ರೆಗಳಲ್ಲಿ ಡೆಕ್ಸಾಮೆಥಾಸೋನ್ ಅಂತ ಒಂದಿದೆ, ಸ್ಟೀರಾಯ್ಡ್. ಅದು ಒಳಗೆ ಹೋದರೆ ಎಷ್ಟೋ ಜನರಿಗೆ ನಿದ್ದೆ ಹಾರಿಹೋಗುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ನಿಲ್ಲಿಸಿದ ಮೇಲೆ ಮನಸ್ಸು ಧೊಪ್ಪನೆ ಬೀಳುತ್ತದೆ. ಮನೆಯವರು "ಇವರ ಸ್ವಭಾವವೇ ಬದಲಾಗಿಬಿಟ್ಟಿದೆ" ಅಂದುಕೊಳ್ಳುತ್ತಾರೆ. ಸ್ವಭಾವ ಅಲ್ಲಪ್ಪ, ಮಾತ್ರೆ. ಇಂಥ ದಿನಗಳನ್ನು ಹೇಗೆ ದಾಟಿದರು ಎನ್ನುವುದಕ್ಕೆ ಅದರದ್ದೇ ಬೆಲೆ ಇದೆ, ಆಯಸ್ಸು ಜಾಸ್ತಿ ಆಗಲಿ ಬಿಡಲಿ. ಖಿನ್ನತೆ ಹಿಡಿದವರು ಊಟ ಬಿಡುತ್ತಾರೆ, ಫಾಲೋಅಪ್ ಬಿಡುತ್ತಾರೆ, ಕೆಲವರು "ಸಾಕು, ಇನ್ನು ಬರಲ್ಲ" ಎಂದು ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆ. ಅವರಿಗೆ ಬೇಕಾಗಿರುವುದು ಆರೈಕೆ, ಉಪದೇಶ ಅಲ್ಲ.

ಈಗ ಕಾಯಿಲೆ ಬಂದ ಮೇಲೆ ಮನುಷ್ಯ ಬೆಳೆಯುತ್ತಾನೆ ಎನ್ನುವ ವಿಷಯಕ್ಕೆ ಬರೋಣ. ಕ್ಯಾನ್ಸರ್ ನನ್ನನ್ನು ಹೊಸ ಮನುಷ್ಯನನ್ನಾಗಿ ಮಾಡಿತು ಎನ್ನುವವರಿದ್ದಾರೆ. ಸುಳ್ಳಲ್ಲ. ಟೆಡೆಸ್ಕಿ ಮತ್ತು ಕ್ಯಾಲ್ಹೂನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1996ರಲ್ಲಿ ಇದನ್ನು ಅಳೆಯಲು 21 ಅಂಶಗಳ ಪಟ್ಟಿಯನ್ನೇ ಮಾಡಿದರು. ಸಂಬಂಧಗಳು ಹತ್ತಿರವಾಗುವುದು, ತನ್ನ ಶಕ್ತಿ ತನಗೇ ಗೊತ್ತಾಗುವುದು, ಹೊಸ ದಾರಿ ಕಾಣುವುದು, ಇಂಥವು. ಆದರೆ ಅವರು ಹೇಳಿದ್ದರಲ್ಲಿ ನಮ್ಮ ಮೋಟಿವೇಷನ್ ಭಾಷಣಕಾರರು ಬಿಟ್ಟುಬಿಡುವ ಭಾಗ ಒಂದಿದೆ. ಆ ಬದಲಾವಣೆ ತಂದುಕೊಡುವುದು ಕಾಯಿಲೆ ಅಲ್ಲ, ಕಾಯಿಲೆಯೊಂದಿಗಿನ ಗುದ್ದಾಟ. ಮತ್ತು ಅದು ಬಂದ ಕೂಡಲೇ ಸಂಕಟ ಹೊರಟುಹೋಗುವುದಿಲ್ಲ, ಎರಡೂ ಒಟ್ಟಿಗೇ ಇರುತ್ತವೆ.

ಇನ್ನೊಂದು ಮಾತು. ನಿಜವಾಗಿ ಬೆಳೆದವರನ್ನು ಕಂಡರೆ ಮನೆಯವರಿಗೆ ಅಷ್ಟೇನೂ ಖುಷಿಯಾಗುವುದಿಲ್ಲ! ನನ್ನ ಪರಿಚಯದ ಒಬ್ಬ ಹೆಂಗಸು, ಸ್ತನ ಕ್ಯಾನ್ಸರ್. ಕೀಮೋ ಸಮಯದಲ್ಲಿ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ತಿಂಗಳುಗಟ್ಟಲೆ ಅಡುಗೆಮನೆ ಕಡೆ ಹೋಗಲಿಲ್ಲ. ಚಿಕಿತ್ಸೆ ಮುಗಿದು ಮತ್ತೆ ಒಲೆ ಮುಂದೆ ನಿಂತಾಗ ಹಳೆಯ ಪದ್ಧತಿ ಕಾದಿತ್ತು. ಗಂಡನಿಗೆ ರೊಟ್ಟಿ, ಮಗನಿಗೆ ದೋಸೆ, ಅತ್ತೆಗೆ ಈರುಳ್ಳಿ ಹಾಕದ ಏನಾದರೊಂದು. ಆಕೆ ಬಾಣಲೆ ತುಂಬ ಉಪ್ಪಿಟ್ಟು ಮಾಡಿಟ್ಟು, "ಎಲ್ಲರಿಗೂ ಇದೇ. ಬೇಡದವರಿಗೆ ಮೂಲೆಯಲ್ಲಿ ಹೋಟೆಲ್ ಇದೆ" ಅಂದರಂತೆ. ಮನೆಯಲ್ಲಿ ಎರಡು ದಿನ ಮಾತಿಲ್ಲ ಕತೆಯಿಲ್ಲ. ಕಾಯಿಲೆಯಿಂದ ಎದ್ದವರು ಸಂತರಾಗಿ, ಮೆತ್ತಗೆ ಮಾತಾಡಿಕೊಂಡು, ಎಲ್ಲರನ್ನೂ ಕ್ಷಮಿಸಿಕೊಂಡು ಓಡಾಡಬೇಕು ಎಂಬುದು ನಮ್ಮ ಆಸೆ. ಆದರೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ "ಆಗಲ್ಲ" ಅಂದಿದ್ದೂ ಬೆಳವಣಿಗೆಯೇ ತಾನೇ? ಪೂಜೆ ಜಾಸ್ತಿ ಮಾಡುವವರಂತೆ ಪೂಜೆ ಬಿಟ್ಟವರೂ ಇದ್ದಾರೆ. ಏನೂ ಬದಲಾಗದೆ, ಮುಂಚಿನಂತೆಯೇ ಗೊಣಗಿಕೊಂಡು ಕ್ರಿಕೆಟ್ ನೋಡುತ್ತ ಕೂತವರೂ ಇದ್ದಾರೆ. ಅವರೇನು ಫೇಲಾದ ಹಾಗಾ?

ಶಿವರಾಜ್‌ಕುಮಾರ್ ವಿಷಯವನ್ನೇ ತಗೊಳ್ಳಿ. 2024ರ ಡಿಸೆಂಬರ್ 24ರಂದು ಮಯಾಮಿಯಲ್ಲಿ ಅವರ ಮೂತ್ರಕೋಶ ತೆಗೆದು, ಕರುಳಿನ ಭಾಗದಿಂದ ಹೊಸದನ್ನು ಕೂಡಿಸಿದರು. ಹೊಸ ವರ್ಷದ ದಿನ ಅವರ ವಿಡಿಯೋ ಬಂತು. ಎಲ್ಲರೂ "ಶಿವಣ್ಣ ಗೆದ್ದರು" ಎಂದು ಶೇರ್ ಮಾಡಿದರು. ನನಗೆ ಹಿಡಿಸಿದ್ದು ಬೇರೆ. ಭಯ ಇತ್ತು ಎಂದು ಅವರು ನೇರವಾಗಿ ಹೇಳಿಕೊಂಡರು. ಮಾತಾಡುತ್ತ ಭಾವುಕರಾದರು. ತೆರೆಯ ಮೇಲೆ ಲಾಂಗ್ ಹಿಡಿದು ನಿಂತ ಮನುಷ್ಯ ಹೆದರಿಕೆಯಾಗಿತ್ತು ಎನ್ನಬಹುದಾದರೆ, ದಾವಣಗೆರೆಯ ಯಾವುದೋ ಬೀದಿಯ ಅಂಗಡಿಯವನೂ ಹೆಂಡತಿಯ ಮುಂದೆ ಅದನ್ನು ಹೇಳಬಹುದು. ಇತ್ತ ನಮ್ಮ ಮೆಟ್ರೋದ ದನಿಯಾಗಿದ್ದ ಅಪರ್ಣಾ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇದ್ದದ್ದು ಬಹಳಷ್ಟು ಜನರಿಗೆ ಗೊತ್ತಾಗಿದ್ದೇ 2024ರ ಜುಲೈನಲ್ಲಿ ಅವರು ತೀರಿಕೊಂಡಾಗ. ಅದೂ ಒಂದು ರೀತಿ. ಹೇಳಿಕೊಳ್ಳುವುದು, ಹೇಳಿಕೊಳ್ಳದಿರುವುದು ಕಾಯಿಲೆ ಬಂದವರ ಹಕ್ಕು.

ಆ ಹಕ್ಕನ್ನು ನಮ್ಮಲ್ಲಿ ಮನೆಯವರು ಕಿತ್ತುಕೊಳ್ಳುತ್ತಾರೆ. "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ತಡ್ಕೊಳ್ಳಲ್ಲ." ಕಿದ್ವಾಯಿ ಎಂದರೆ ಏನೆಂದು ಇಡೀ ಕರ್ನಾಟಕಕ್ಕೆ ಗೊತ್ತು. ಅದರ ಗೇಟು ದಾಟಿ ಒಳಗೆ ಬಂದ ಅಪ್ಪನಿಗೆ ಮಾತ್ರ ಗೊತ್ತಿಲ್ಲ ಎಂದು ಮಕ್ಕಳ ನಂಬಿಕೆ. ಅಪ್ಪನಿಗೆ ಗೊತ್ತು. ಮಕ್ಕಳಿಗೆ ನೋವಾಗದಿರಲಿ ಎಂದು ಗೊತ್ತಿಲ್ಲದ ಹಾಗೆ ಇರುತ್ತಾನೆ. ಹೀಗೆ ಇಬ್ಬರೂ ನಾಟಕ ಮಾಡುತ್ತ, ಆಸ್ತಿಯ ಮಾತೂ ಆಗದೆ, ಮನಸ್ಸಿನ ಮಾತೂ ಆಗದೆ ದಿನ ಮುಗಿದುಹೋಗುತ್ತದೆ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೂ ನನಗೆ ಇದು ಒಪ್ಪಿಗೆಯಿಲ್ಲ. "ನಿಮಗೆ ಎಷ್ಟು ತಿಳ್ಕೋಬೇಕು ಅನಿಸುತ್ತೆ?" ಎಂದು ಅಪ್ಪನನ್ನೇ ಕೇಳಬಹುದಲ್ಲ.

ಆಸ್ಪತ್ರೆಗಳಿಗೂ ಒಂದು ಮಾತು. ಡಿಸ್ಟ್ರೆಸ್ ಥರ್ಮಾಮೀಟರ್ ಅಂತ ಒಂದು ಚೀಟಿ ಇದೆ. ಸೊನ್ನೆಯಿಂದ ಹತ್ತರವರೆಗೆ ಒಂದು ಗೆರೆ, ಕಳೆದ ವಾರ ಎಷ್ಟು ಸಂಕಟ ಆಯಿತು ಎಂದು ರೋಗಿಯೇ ಗುರುತು ಹಾಕುವುದು. ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಯಾರಾದರೂ ಕೂತು ಮಾತಾಡಿಸಬೇಕು. ಕಾಗದದ ಖರ್ಚು ಬಿಟ್ಟರೆ ಬೇರೇನಿಲ್ಲ. ಪ್ರತಿ ಸಲ ತೂಕ, ಬಿಪಿ, ಹಿಮೋಗ್ಲೋಬಿನ್ ಬರೆದುಕೊಳ್ಳುವ ಜಾಗದಲ್ಲಿ ಈ ಸಂಖ್ಯೆಗೂ ಒಂದು ಕಾಲಂ ಇರಬೇಕು. ಚಿಕಿತ್ಸೆ ಮುಗಿದ ಮೇಲೂ ಕೇಳಬೇಕು. ಎಷ್ಟೋ ಜನ ಕುಸಿಯುವುದು ಆಗಲೇ, ಎಲ್ಲರೂ "ಎಲ್ಲ ಸರಿಹೋಯ್ತಲ್ಲ" ಎಂದು ಎದ್ದು ಹೋದ ಮೇಲೆ.

ಈಗಲೇ ಯಾರಿಗಾದರೂ ಬೇಕಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನೋಡಿಕೊಳ್ಳುವ ಮನೆಯವರೂ ಫೋನ್ ಮಾಡಬಹುದು. ಮನೋವೈದ್ಯರ ಹತ್ತಿರ ಹೋಗುವುದಾದರೆ ಕ್ಯಾನ್ಸರ್ ಫೈಲನ್ನೂ ಜೊತೆಗೆ ಒಯ್ಯಿರಿ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಲೇಬೇಕು. ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್‌ನಂಥ ಕೆಲವು ಖಿನ್ನತೆ ಮಾತ್ರೆಗಳು ಅದು ದೇಹದಲ್ಲಿ ಕೆಲಸ ಮಾಡುವುದಕ್ಕೆ ಅಡ್ಡಬರುತ್ತವೆ. ಹೊಂದುವ ಬೇರೆ ಮಾತ್ರೆಗಳಿವೆ, ಡಾಕ್ಟರು ನೋಡಿ ಬರೆದುಕೊಡುತ್ತಾರೆ.