ಶಿರಸಿಯ ಅಡುಗೆಮನೆಯಲ್ಲೊಂದು ಪುಟ್ಟ ಬ್ರೂವರಿ

ಈ ಸದ್ದು ಕೇಳಿ. ಟುಸ್ಸ್! ಅಂಗಡಿಯ ಸೋಡಾ ಅಲ್ಲ ಇದು, ಶುಂಠಿ ಮತ್ತು ಮುರುಗಲಿನ (ಕೋಕಂ ಹಣ್ಣಿನ) ಸೋಡಾ. ನಮ್ಮ ಮನೆ ಅಡುಗೆಕಟ್ಟೆ ಮೇಲೆ ಹುಟ್ಟಿದ ಗ್ಯಾಸು.

ಮೊದಲು ನನಗೆ ಹಿಡಿದಿದ್ದು ಬಿಯರ್ ಹುಚ್ಚು. ಬೆಂಗಳೂರಿನ ಮೈಕ್ರೋಬ್ರೂವರಿಗಳನ್ನು ನೋಡಿ, ಶಿರಸಿಯಲ್ಲಿ ಊರಿನ ಸಾಮಾನಿನಲ್ಲೇ ಒಂದು ಮಾಡಬೇಕು ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಬಾರ್ಲಿ ರಾಜಸ್ಥಾನದ ಕಡೆಯದು. ಕಹಿ ಕೊಡುವ ಹಾಪ್ಸ್ ಹೂವು ಹೆಚ್ಚಾಗಿ ಹೊರದೇಶದ್ದು. ಊರಿನದು ಅಂತ ಉಳಿಯುವುದು ಬಾವಿ ನೀರೊಂದೇ! ಮೇಲಿಂದ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವ ಹಾಗೂ ಇಲ್ಲ. ಹಾಗಾಗಿ ಶುಂಠಿ ಹಿಡಿದೆ.

ಈ ಭರಣಿಯಲ್ಲಿರುವುದು ಶುಂಠಿ, ಸಕ್ಕರೆ, ನೀರು. ಅಷ್ಟೇ. ಶುಂಠಿಯ ಸಿಪ್ಪೆ ಹೆರೆಯಬಾರದು, ಹುದುಗು ಬರಿಸುವ ಈಸ್ಟ್ ಇರುವುದೇ ಅಲ್ಲಿ. ದಿನಾ ಒಂದು ಚಮಚ ತುರಿ, ಒಂದು ಚಮಚ ಸಕ್ಕರೆ ಹಾಕಿ ಕಲಕಿದರೆ ನಾಲ್ಕೈದು ದಿನಕ್ಕೆ ಹೀಗೆ ನೊರೆ ಏಳುತ್ತದೆ. ಇದಕ್ಕೆ ಜಿಂಜರ್ ಬಗ್ ಅಂತಾರೆ. ನಮ್ಮ ಆಯಿಗೆ ಮಾತ್ರ ಇದು ಹುಳ. ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಾಳೆ, "ತಮಾ, ನಿನ್ನ ಹುಳಕ್ಕೆ ಊಟ ಹಾಕಿದ್ಯಾ?"

ಇನ್ನು ಮುರುಗಲು. ಕಾರವಾರದ ಕೊಂಕಣಿಯಲ್ಲಿ ಭಿರಿಂಡ. ಮಳೆ ಹಿಡಿಯುವ ಮೊದಲು ಕೊಯ್ದು ಒಣಗಿಸಿದ ಸಿಪ್ಪೆ ಇದು, ಎಂಟು ಹತ್ತು ಸಾಕು. ಲೀಟರ್ ನೀರಲ್ಲಿ ಕುದಿಸಿ, ತಣಿಸಿ, ಅರ್ಧ ಲೋಟ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಕರಗಿಸುತ್ತೇನೆ. ಪೂರ್ತಿ ತಣಿಯಲೇಬೇಕು, ಬಿಸಿಗೆ ಹುಳ ಸತ್ತೇ ಹೋಗುತ್ತದೆ. ಆಮೇಲೆ ಭರಣಿಯ ನೀರು ನಾಲ್ಕು ಚಮಚ ಸೋಸಿ ಹಾಕಿ, ಬಾಟಲಿಗೆ ತುಂಬಿ ಮುಚ್ಚುವುದು. ಮುರುಗಲು ಜಾಸ್ತಿ ಮಾಡಬೇಡಿ. ಹುಳಿ ಮಿತಿಮೀರಿದರೆ ಈಸ್ಟ್ ಮಂಕಾಗುತ್ತದೆ.

ಈಸ್ಟ್ ಸಿಹಿ ತಿಂದು ಗ್ಯಾಸು ಬಿಡುತ್ತದೆ. ಮುಚ್ಚಳ ಬಿಗಿ ಇದ್ದರೆ ಅದು ಹೋಗುವುದೆಲ್ಲಿಗೆ? ನೀರಲ್ಲೇ ಕರಗುತ್ತದೆ. ಜಾಗ ಸಾಲದಿದ್ದರೆ... ಈಗ ಮೇಲೆ ನೋಡಿ. ನಾಗಂದಿಗೆ ಹತ್ತಿರ ಕೆಂಪು ಕಲೆ ಕಾಣ್ತಾ? ಅದು ನನ್ನ ಮೊದಲ ಪ್ರಯೋಗ. ಶರಬತ್ತಿನ ಹಳೇ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ, ಮೂರು ದಿನ ಮರೆತುಬಿಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಢಮ್! ಆಯಿ ಟಾರ್ಚ್ ಹಿಡಿದು ಓಡಿ ಬಂದಳು. ನಾನು ತಪ್ಪನ್ನು ಬೆಕ್ಕಿನ ಮೇಲೆ ಹಾಕಿ ನೋಡಿದೆ. ಗೋಡೆಯಿಂದ ಮುರುಗಲು ಇಳಿಯುತ್ತಿತ್ತು, ನಂಬುತ್ತಾಳಾ! ಯಾರಿಗೂ ಗಾಜು ತಗಲಲಿಲ್ಲ, ಪುಣ್ಯ.

ಆವತ್ತಿನಿಂದ ಗಾಜು ಬಂದ್. ಈ ಪ್ಲಾಸ್ಟಿಕ್ ಸೋಡಾ ಬಾಟಲಿ ಒತ್ತಿ ತೋರಿಸುತ್ತೇನೆ. ಬೆಳಿಗ್ಗೆ ಮೆತ್ತಗಿತ್ತು, ಈಗ ಕಲ್ಲು. ಅಂದರೆ ಸೀದಾ ಫ್ರಿಡ್ಜಿಗೆ. ಮಳೆಗಾಲದ ಶಿರಸಿಯಲ್ಲಿ ಇದಕ್ಕೆ ಮೂರು ದಿನ ಬೇಕು, ಬೇಸಿಗೆಯಲ್ಲಿ ಒಂದೇ ದಿನ. ಒಂಚೂರು ಅಮಲಿನ ಅಂಶವೂ ಇರುತ್ತದೆ, ಮಕ್ಕಳಿರುವ ಮನೆಯವರು ಗಮನಿಸಿ.

ರುಚಿ? ಮೊದಲು ಹುಳಿ, ಆಮೇಲೆ ಗಂಟಲಲ್ಲಿ ಶುಂಠಿ, ಕೊನೆಗೆ ಜೋನಿ ಬೆಲ್ಲದ ಆಲೆಮನೆ ವಾಸನೆ. ಬಿಯರ್ ನೆನಪೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ನಾಲ್ಕು ಬಾಟಲಿ ಕಾರವಾರದ ಅತ್ತೆ ಮನೆಗೆ. ಐಸ್ ಪೆಟ್ಟಿಗೆಯಲ್ಲಿಟ್ಟು ದೇವಿಮನೆ ಘಟ್ಟ ಇಳಿದಿದ್ದೇವೆ. ಇದು ಕುಮಟಾ. ಕೆಳಗೆ ಸೆಕೆ, ಐಸ್ ಕರಗಿಹೋಗಿದೆ. ಗಾಡಿ ನಿಲ್ಲಿಸಿ ಒಂದೊಂದೇ ಮುಚ್ಚಳ ಸಡಿಲ ಮಾಡುತ್ತಿದ್ದೇನೆ. ಸ್ವಲ್ಪ ದೂರ ನಿಲ್ಲಿ, ಅಂಗಿ ಬಿಳಿ ಇದ್ದರಂತೂ ಇನ್ನೂ ದೂರ.